ಅಮೆರಿಕದಲ್ಲಿ ಎಂಡಿ, ಹೊರದೇಶದಲ್ಲಿ ಪಿಜಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ ತಿಂಗಳ ಮೂರನೇ ಶುಕ್ರವಾರ ಅಮೆರಿಕದ ಮೆಡಿಕಲ್ ಕಾಲೇಜುಗಳಲ್ಲಿ ಮ್ಯಾಚ್ ಡೇ. ಎಂಡಿ ಮುಗಿಸುವವರನ್ನು ಆಸ್ಪತ್ರೆಗಳಿಗೆ ಹೊಂದಿಸುವುದೇ ಮ್ಯಾಚ್. ಯಾರಿಗೆ ಯಾವ ಆಸ್ಪತ್ರೆಯಲ್ಲಿ ರೆಸಿಡೆನ್ಸಿ, ಅಂದರೆ ಮುಂದಿನ ತರಬೇತಿ, ಅಂತ ಗೊತ್ತಾಗುವ ದಿನ. ಅದರ ಹಿಂದುಮುಂದಿನಲ್ಲೇ ಯುಗಾದಿ ಬರುತ್ತದೆ. ಹಾಗಾಗಿ ಕನ್ನಡ ಕೂಟದ ಊಟದ ಸಾಲಿನಲ್ಲಿ "ನಮ್ಮ ಹುಡುಗ ಲಂಡನ್ನಿಗೆ ಹೋಗಿ ಮಾಡ್ತೀನಿ ಅಂತಾನೆ, ಆಗುತ್ತಾ?" ಅನ್ನುವ ಪ್ರಶ್ನೆ ಏಳುವುದೂ ಆಗಲೇ.

ಅಮೆರಿಕದಲ್ಲೇ ಎಂಡಿ ಅಥವಾ ಡಿಒ (ಎಂಡಿಗೆ ಸಮನಾದ ಆಸ್ಟಿಯೋಪತಿ ವೈದ್ಯ ಪದವಿ) ಓದಿದವರಿಗೆ, ಓದುತ್ತಿರುವವರಿಗೆ ಮತ್ತು ಅವರ ಅಪ್ಪ ಅಮ್ಮಂದಿರಿಗೆ ಇದನ್ನು ಬರೆದಿದ್ದೇನೆ. ಭಾರತದಲ್ಲಿ ಎಂಬಿಬಿಎಸ್ ಮುಗಿಸಿ ಅಮೆರಿಕಕ್ಕೆ ಬರುವವರ ಕಥೆ ಬೇರೆ, ಅದು ಇಲ್ಲಿಲ್ಲ. ಹೊರಗೆ ಹೋಗಲು ದಾರಿಗಳು ಬೇಕಾದಷ್ಟಿವೆ. ಜನ ಸಿಕ್ಕಿಬೀಳುವುದು ವಾಪಸ್ ಬರುವಾಗ. ಅದಕ್ಕೇ ಇಲ್ಲಿ ಹೆಚ್ಚಿನ ಉತ್ತರಗಳು ವಾಪಸ್ ಬರುವ ಮಾತನ್ನೇ ಎತ್ತುತ್ತವೆ.

ಎಂಡಿ ಆಯ್ತಲ್ಲ, ಮತ್ತೆ ಪಿಜಿ ಯಾಕೆ?

ಊರಲ್ಲಿರುವ ಅಜ್ಜ ಅಜ್ಜಿ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ನಮ್ಮಲ್ಲಿ ಎಂಡಿ ಅಂದರೆ ಎಂಬಿಬಿಎಸ್ ಆದ ಮೇಲೆ ಮಾಡುವ ಪಿಜಿ. ಅಮೆರಿಕದಲ್ಲಿ ಎಂಡಿ ಅನ್ನುವುದೇ ಮೊದಲ ವೈದ್ಯಕೀಯ ಪದವಿ. ನಾಲ್ಕು ವರ್ಷದ ಡಿಗ್ರಿ ಆದ ಮೇಲೆ ಇನ್ನು ನಾಲ್ಕು ವರ್ಷ ಓದಿ ಪಡೆಯುವುದು. ಪಿಜಿ ಅನ್ನಬಹುದಾದದ್ದು ಅದರ ನಂತರದ ರೆಸಿಡೆನ್ಸಿ. ಇಂಟರ್ನಲ್ ಮೆಡಿಸಿನ್, ಮಕ್ಕಳ ವಿಭಾಗ, ಫ್ಯಾಮಿಲಿ ಮೆಡಿಸಿನ್ ಇವಕ್ಕೆ ಮೂರು ವರ್ಷ. ಜನರಲ್ ಸರ್ಜರಿಗೆ ಐದು. ನ್ಯೂರೋಸರ್ಜರಿಗೆ ಏಳು.

ಇನ್ನೊಂದು ವ್ಯತ್ಯಾಸ ಇದೆ. ನಮ್ಮ ಎಂಬಿಬಿಎಸ್‌ನಲ್ಲಿ ಒಂದು ವರ್ಷದ ಹೌಸ್ ಸರ್ಜನ್ಸಿ ಸೇರಿಕೊಂಡೇ ಇರುತ್ತದೆ. ಅಮೆರಿಕದ ಎಂಡಿಯಲ್ಲಿ ಅದಿಲ್ಲ. ರೆಸಿಡೆನ್ಸಿಯ ಮೊದಲ ವರ್ಷವೇ ಅವರ ಇಂಟರ್ನ್‌ಶಿಪ್. ಮೇಲುನೋಟಕ್ಕೆ ಸಣ್ಣ ವಿಷಯ. ಆದರೆ ಬ್ರಿಟನ್ನಿಗೆ ಹೋಗುವವರನ್ನು ಇದೇ ಮೊದಲು ತಡೆದು ನಿಲ್ಲಿಸುತ್ತದೆ. ಮುಂದೆ ಹೇಳುತ್ತೇನೆ.

ಜಗತ್ತೆಲ್ಲ ಅಮೆರಿಕಕ್ಕೆ ಬರಬೇಕು ಅಂತಿರುವಾಗ ಇವರು ಯಾಕೆ ಹೊರಗೆ ಹೋಗ್ತಾರೆ?

ಕಾರಣಗಳು ಹಲವು. ಗಂಡನಿಗೋ ಹೆಂಡತಿಗೋ ಬೇರೆ ದೇಶದಲ್ಲಿ ಕೆಲಸ ಇರುತ್ತದೆ. ಕೆಲವರಿಗೆ ವಾರಕ್ಕೆ 80 ಗಂಟೆಯ ದುಡಿತ ಬೇಡ. ಕೆಲವರಿಗೆ ಮಲೇರಿಯಾ, ಟಿಬಿ, ಹಾವು ಕಡಿತ ಇವನ್ನೆಲ್ಲ ನಿಜವಾಗಿ ನೋಡಿ ಕಲಿಯುವ ಆಸೆ. ಇನ್ನು ಕೆಲವರಿಗೆ ಮ್ಯಾಚ್ ಆಗಿರುವುದಿಲ್ಲ. ಈ ಕೊನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ನನ್ನ ಹತ್ತಿರ ಬರುವ ಪ್ರಶ್ನೆಗಳಲ್ಲಿ ಅದರ ಪಾಲು ಜಾಸ್ತಿ.

ಹಾಗೆ ನೋಡಿದರೆ ಇದೇನೂ ಹೊಸದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಒಳ್ಳೆಯ ಡಾಕ್ಟರ್ ಆಗಬೇಕು ಅನ್ನುವ ಅಮೆರಿಕನ್ನರು ಎಡಿನ್‌ಬರೋ, ಪ್ಯಾರಿಸ್, ಆಮೇಲೆ ವಿಯೆನ್ನಾ, ಬರ್ಲಿನ್ ಕಡೆ ಹಡಗು ಹತ್ತುತ್ತಿದ್ದರು. 1870ರಿಂದ 1914ರವರೆಗೆ ಸುಮಾರು 15,000 ಅಮೆರಿಕನ್ ಡಾಕ್ಟರುಗಳು ಜರ್ಮನ್ ಭಾಷೆಯ ವಿಶ್ವವಿದ್ಯಾಲಯಗಳಲ್ಲಿ ಕಲಿತರು ಅನ್ನುವುದು ಇತಿಹಾಸಕಾರರ ಅಂದಾಜು. ಅಮೆರಿಕದ ಸರ್ಜನ್ ವಿಲಿಯಂ ಹಾಲ್ಸ್ಟೆಡ್ 1878ರಿಂದ 1880ರವರೆಗೆ ಯುರೋಪಿನಲ್ಲಿದ್ದರು. ಅಲ್ಲಿ ಕಂಡ ಜರ್ಮನ್ ಪದ್ಧತಿಯನ್ನು ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ತಂದು ಸರ್ಜರಿ ರೆಸಿಡೆನ್ಸಿ ಕಟ್ಟಿದರು. ಇವತ್ತು ಜಗತ್ತೆಲ್ಲ ಬಯಸುವ ಅಮೆರಿಕನ್ ರೆಸಿಡೆನ್ಸಿಯ ಬೇರು ಹೊರಗಿನದು. ಮೊದಲ ಮಹಾಯುದ್ಧ ಬಂದು ಆ ಓಡಾಟ ನಿಂತಿತು. ಆಮೇಲೆ ಜನ ಎದುರು ದಿಕ್ಕಿನಲ್ಲಿ ಬರತೊಡಗಿದರು.

ಹೊರಗೆ ಪಿಜಿ ಮುಗಿಸಿ ಅಮೆರಿಕಕ್ಕೆ ವಾಪಸ್ ಬಂದರೆ ಪ್ರಾಕ್ಟೀಸ್ ಮಾಡಬಹುದಾ?

ಬಹುತೇಕ ಸಂದರ್ಭದಲ್ಲಿ ನೇರವಾಗಿ ಆಗುವುದಿಲ್ಲ. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಇಲ್ಲಿ ಎರಡು ಬಾಗಿಲುಗಳಿವೆ. ಜನ ಒಂದನ್ನು ನೋಡಿ ಇನ್ನೊಂದನ್ನು ಮರೆಯುತ್ತಾರೆ.

ಮೊದಲನೆಯದು ಲೈಸೆನ್ಸ್. ಇದನ್ನು ಕೊಡುವುದು ಆಯಾ ರಾಜ್ಯದ ಮೆಡಿಕಲ್ ಬೋರ್ಡ್. ಅಮೆರಿಕದಲ್ಲಿ ಓದಿದವರಿಗೂ ಕನಿಷ್ಠ ಒಂದು ವರ್ಷದ ಮಾನ್ಯತೆ ಪಡೆದ ತರಬೇತಿ ಬೇಕು ಅಂತ ಅನೇಕ ರಾಜ್ಯಗಳು ಕೇಳುತ್ತವೆ. ಕೆಲವು ಇನ್ನೂ ಜಾಸ್ತಿ ಕೇಳುತ್ತವೆ. ಮಾನ್ಯತೆ ಅಂದರೆ ಎಸಿಜಿಎಂಇ ಎಂಬ ಸಂಸ್ಥೆಯ ಮಾನ್ಯತೆ. ಲಂಡನ್ನಿನ ಎಷ್ಟೇ ದೊಡ್ಡ ಆಸ್ಪತ್ರೆಯಾದರೂ ಅದಕ್ಕೆ ಈ ಮುದ್ರೆ ಇರುವುದಿಲ್ಲ.

ಎರಡನೆಯದು ಬೋರ್ಡ್ ಸರ್ಟಿಫಿಕೇಶನ್. ಇದನ್ನು ಕೊಡುವುದು ಇಂಟರ್ನಲ್ ಮೆಡಿಸಿನ್ ಬೋರ್ಡ್, ಸರ್ಜರಿ ಬೋರ್ಡ್ ಹೀಗೆ ಆಯಾ ವಿಭಾಗದ ಬೋರ್ಡ್‌ಗಳು. ಕಾನೂನಿನ ಪ್ರಕಾರ ಇದು ಕಡ್ಡಾಯವಲ್ಲ. ಆದರೆ ಇದಿಲ್ಲದಿದ್ದರೆ ಆಸ್ಪತ್ರೆಗಳು ಕೆಲಸ ಕೊಡಲು ಹಿಂದೆಮುಂದೆ ನೋಡುತ್ತವೆ. ಇನ್ಶೂರೆನ್ಸ್ ಕಂಪನಿಗಳು ತಮ್ಮ ಪಟ್ಟಿಗೆ ಸೇರಿಸಿಕೊಳ್ಳಲು ತಕರಾರು ಮಾಡುತ್ತವೆ. ಕೈಯಲ್ಲಿ ಲೈಸೆನ್ಸ್ ಇದ್ದೂ ಕೆಲಸ ಸಿಗದೆ ಒದ್ದಾಡುವುದು ಇಲ್ಲೇ.

ಹಾಗಾಗಿ ಬ್ರಿಟನ್ನಿನಲ್ಲಿ ಕನ್ಸಲ್ಟೆಂಟ್, ಅಂದರೆ ಪೂರ್ಣ ತರಬೇತಿ ಮುಗಿದ ಹಿರಿಯ ತಜ್ಞ, ಆಗಿ ಬಂದವರು ಕೂಡ ಸಾಮಾನ್ಯವಾಗಿ ಅಮೆರಿಕದಲ್ಲಿ ಮತ್ತೆ ರೆಸಿಡೆನ್ಸಿ ಮಾಡಬೇಕಾಗುತ್ತದೆ. ಕೆಲವು ಬೋರ್ಡ್‌ಗಳು ಹೊರಗಿನ ತರಬೇತಿಗೆ ಸ್ವಲ್ಪ ಕ್ರೆಡಿಟ್ ಕೊಡುತ್ತವೆ. ರೇಡಿಯಾಲಜಿ ಬೋರ್ಡಿನಂಥ ಕೆಲವಕ್ಕೆ ಹೊರದೇಶದಲ್ಲಿ ತರಬೇತಿ ಪಡೆದವರಿಗಾಗಿ ಬೇರೆ ದಾರಿಯೇ ಇದೆ, ಅದಕ್ಕೂ ಅಮೆರಿಕದ ವಿಭಾಗವೊಂದರಲ್ಲಿ ನಾಲ್ಕು ವರ್ಷ ದುಡಿಯಬೇಕು. ಅಷ್ಟರಲ್ಲಿ ಎಂಡಿ ಮುಗಿದು ಏಳೆಂಟು ವರ್ಷ ಆಗಿರುತ್ತದೆ. ಪದವಿ ಮುಗಿದು ಬಹಳ ವರ್ಷ ಆದವರ ಅರ್ಜಿಯನ್ನು ಎಷ್ಟೋ ಪ್ರೋಗ್ರಾಂಗಳು ತೆರೆದೂ ನೋಡುವುದಿಲ್ಲ.

ಅಮೆರಿಕದ ಲೈಸೆನ್ಸ್ ಪರೀಕ್ಷೆಯಾದ ಯುಎಸ್‌ಎಂಎಲ್‌ಇ ಲೆಕ್ಕವೂ ಒಂದಿದೆ. ಸ್ಟೆಪ್ 1, ಸ್ಟೆಪ್ 2, ಸ್ಟೆಪ್ 3 ಮೂರನ್ನೂ 7 ವರ್ಷದೊಳಗೆ ಮುಗಿಸಿರಬೇಕು ಅಂತ ಹಲವು ರಾಜ್ಯಗಳ ನಿಯಮ. ಕೆಲವು ರಾಜ್ಯಗಳಲ್ಲಿ 10 ವರ್ಷ. ಸ್ಟೆಪ್ 3 ಬಾಕಿ ಇಟ್ಟು ವಿಮಾನ ಹತ್ತಿದವರಿಗೆ ಈ ಗಡಿಯಾರ ಸುಮ್ನೆ ಓಡುತ್ತಲೇ ಇರುತ್ತದೆ.

ಟೆನೆಸಿಯಲ್ಲಿ ಹೊಸ ಕಾನೂನು ಬಂದಿದೆಯಂತಲ್ಲ?

ಬಂದಿದೆ. 2023ರಲ್ಲಿ ಟೆನೆಸಿ ಶುರು ಮಾಡಿತು, ಆಮೇಲೆ ಫ್ಲಾರಿಡಾ, ವರ್ಜೀನಿಯಾ, ಟೆಕ್ಸಸ್ ಮುಂತಾದ ರಾಜ್ಯಗಳೂ ಹಿಂಬಾಲಿಸಿದವು. ಹೊರದೇಶದಲ್ಲಿ ತರಬೇತಿ ಆದ ಡಾಕ್ಟರುಗಳಿಗೆ ಅಮೆರಿಕದ ರೆಸಿಡೆನ್ಸಿ ಇಲ್ಲದೆಯೇ ತಾತ್ಕಾಲಿಕ ಲೈಸೆನ್ಸ್ ಕೊಡುವ ದಾರಿ ಇದು. ಆದರೆ ಈ ಕಾನೂನುಗಳನ್ನು ಬರೆದಿರುವುದು ಮೆಡಿಕಲ್ ಕಾಲೇಜನ್ನೂ ಹೊರಗೇ ಓದಿದವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು. ಕಾಲೇಜು ಓಹಾಯೋದಲ್ಲಿ, ಪಿಜಿ ಲಂಡನ್ನಿನಲ್ಲಿ ಅನ್ನುವವರು ಆಯಾ ಕಾನೂನಿನಲ್ಲಿ ತಮ್ಮಂಥವರಿಗೆ ಜಾಗ ಇದೆಯಾ ಅಂತ ಒಂದೊಂದು ಸಾಲನ್ನೂ ಓದಿ ನೋಡಬೇಕು. ಅಲ್ಲದೆ ಇದರಿಂದ ಸಿಗುವುದು ಲೈಸೆನ್ಸ್ ಮಾತ್ರ. ಬೋರ್ಡ್ ಸರ್ಟಿಫಿಕೇಶನ್ ಇದರಿಂದ ಬರುವುದಿಲ್ಲ.

ಹಾಗಾದ್ರೆ ವಾಪಸ್ ಬರಲು ತೊಂದರೆ ಕೊಡದ ದೇಶವೇ ಇಲ್ವಾ?

ಒಂದಿದೆ, ಕೆನಡಾ. ಕೆನಡಾದ ರಾಯಲ್ ಕಾಲೇಜು ಮತ್ತು ಅಲ್ಲಿನ ಫ್ಯಾಮಿಲಿ ಫಿಸಿಶಿಯನ್ ಕಾಲೇಜು ಮಾನ್ಯ ಮಾಡಿದ ರೆಸಿಡೆನ್ಸಿಯನ್ನು ಅಮೆರಿಕ ತನ್ನದಕ್ಕೆ ಹತ್ತಿರ ಎಂದೇ ನೋಡುತ್ತದೆ. ಅದನ್ನು ಮುಗಿಸಿ ಅಮೆರಿಕದ ಫೆಲೋಶಿಪ್‌ಗೆ (ರೆಸಿಡೆನ್ಸಿಯ ಮೇಲಿನ ಹಂತದ ತರಬೇತಿ) ಅರ್ಜಿ ಹಾಕಬಹುದು ಅಂತ ಎಸಿಜಿಎಂಇ ನಿಯಮದಲ್ಲೇ ಬರೆದಿದೆ.

ಆದರೆ ಒಳಗೆ ಹೋಗಲು ಒಂದು ಷರತ್ತಿದೆ. ಅಲ್ಲಿನ ಮ್ಯಾಚ್ ನಡೆಸುವುದು ಕಾರ್ಮ್ಸ್ ಎಂಬ ಸಂಸ್ಥೆ. ಅದಕ್ಕೆ ಅರ್ಜಿ ಹಾಕಲು ಸಾಮಾನ್ಯವಾಗಿ ಕೆನಡಾದ ಪೌರತ್ವ ಅಥವಾ ಪಿಆರ್ (ಕಾಯಂ ವಾಸದ ಪರವಾನಗಿ) ಇರಬೇಕು. ಟೊರಾಂಟೋದಲ್ಲಿ ಹುಟ್ಟಿ ಡೆಟ್ರಾಯಿಟ್‌ನಲ್ಲಿ ಓದಿದ ಮಗಳಿಗೆ ಇದು ಚಿನ್ನದಂಥ ದಾರಿ. ಬರೀ ಅಮೆರಿಕದ ಪಾಸ್‌ಪೋರ್ಟ್ ಇರುವವರಿಗೆ ಈ ದಾರಿ ಇಲ್ಲ ಅಂತಲೇ ತಿಳಿಯಿರಿ. ಎರಡೂ ದೇಶದ ಮ್ಯಾಚ್‌ಗೆ ಒಟ್ಟಿಗೆ ಹಾಕಬಹುದು. ಕೆನಡಾದಲ್ಲಿ ಸೀಟು ಸಿಕ್ಕರೆ ಅಮೆರಿಕದ ಮ್ಯಾಚ್‌ನಿಂದ ಹೆಸರು ತೆಗೆದುಹಾಕುತ್ತಾರೆ, ಆದ್ದರಿಂದ "ಎರಡೂ ಸಿಕ್ಕ ಮೇಲೆ ನೋಡೋಣ" ಅನ್ನುವುದು ನಡೆಯುವುದಿಲ್ಲ. ಕ್ವಿಬೆಕ್‌ಗೆ ಫ್ರೆಂಚ್ ಬೇಕೇ ಬೇಕು.

ಮಗನಿಗೆ ಮ್ಯಾಚ್ ಆಗಲಿಲ್ಲ. ಈ ವರ್ಷವೇ ಹೊರಗೆ ಕಳಿಸಬಹುದಾ?

ಸ್ವಲ್ಪ ತಾಳಿ. ಅಮೆರಿಕದ ಎಂಡಿ ಕೊನೆ ವರ್ಷದವರಲ್ಲಿ ಶೇ 93ರ ಆಸುಪಾಸು ಮ್ಯಾಚ್ ಆಗುತ್ತಾರೆ. ಉಳಿದವರಿಗೆ ಮ್ಯಾಚ್ ಡೇ ವಾರದ ಸೋಮವಾರವೇ ಗೊತ್ತಾಗುತ್ತದೆ. ಅದೇ ವಾರ ಸೋಪ್ ಅನ್ನುವ ಎರಡನೇ ಸುತ್ತು ನಡೆದು ಖಾಲಿ ಉಳಿದ ಸೀಟುಗಳನ್ನು ತುಂಬುತ್ತಾರೆ. ಅಲ್ಲೂ ಆಗದಿದ್ದರೆ ಒಂದು ವರ್ಷದ ಪ್ರಿಲಿಮಿನರಿ ಸೀಟು, ಸಂಶೋಧನೆ, ಮುಂದಿನ ವರ್ಷ ಬೇರೆ ವಿಭಾಗಕ್ಕೆ ಅರ್ಜಿ, ಹೀಗೆ ದಾರಿಗಳಿವೆ. ಇವೆಲ್ಲ ಅಮೆರಿಕದೊಳಗೇ ಇರುವಂಥವು.

ಮ್ಯಾಚ್ ಆಗದ ಬೇಸರದಲ್ಲಿ ದೇಶ ಬಿಡಬೇಡಿ ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ಒಂದು ಪ್ರಿಲಿಮಿನರಿ ವರ್ಷ ಮಾಡಿದರೂ ಕೈಗೆ ಇಂಟರ್ನ್‌ಶಿಪ್ ಬರುತ್ತದೆ. ಅದು ಅಮೆರಿಕದಲ್ಲೂ ಬೆಲೆಬಾಳುತ್ತದೆ, ಹೊರಗೂ ಬೆಲೆಬಾಳುತ್ತದೆ. ಅಪ್ಪ ಅಮ್ಮಂದಿರಿಗೆ ಒಂದು ಮಾತು: "ಇಲ್ಲಿ ಸಿಗಲಿಲ್ಲ ಅಂತ ಅಲ್ಲಿಗೆ ಹೋದ" ಅಂತ ನೆಂಟರು ಅಂದಾರು ಎಂಬ ಭಯಕ್ಕೆ ಅರ್ಜಿ ಹಾಕಿಸಬೇಡಿ. "ಇಲ್ಲಿ ಸಿಗಲಿಲ್ಲ ಅಂತ ಮನೇಲಿದ್ದಾನೆ" ಅಂತ ಅಂದಾರು ಎಂಬ ಭಯಕ್ಕೂ ಬೇಡ.

ಬ್ರಿಟನ್ನಿಗೆ ಹೋಗಲು ಏನೇನು ಬೇಕು?

ಜನರಲ್ ಮೆಡಿಕಲ್ ಕೌನ್ಸಿಲ್, ಅಂದರೆ ಜಿಎಂಸಿಯ ನೋಂದಣಿ ಬೇಕು. ಹೊರದೇಶದಲ್ಲಿ ಓದಿದವರಿಗೆ ಹೆಚ್ಚು ಬಳಕೆಯ ದಾರಿ ಪ್ಲ್ಯಾಬ್ ಪರೀಕ್ಷೆ. ಭಾಗ 1ರಲ್ಲಿ 180 ಪ್ರಶ್ನೆ, ಮೂರು ಗಂಟೆ, ಹಲವು ದೇಶಗಳಲ್ಲಿ ಬರೆಯಬಹುದು. ಭಾಗ 2 ನಡೆಯುವುದು ಮ್ಯಾಂಚೆಸ್ಟರ್ ಒಂದರಲ್ಲೇ.

ಈ ಭಾಗ 2 ನೋಡಲು ಸುಲಭ. ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗುತ್ತಾ ಹೋಗಬೇಕು. ಬಾಗಿಲಲ್ಲಿ ಅಂಟಿಸಿದ ನಾಲ್ಕು ಸಾಲು ಓದಿ ಒಳಗೆ ಹೋದರೆ ರೋಗಿಯ ಪಾತ್ರದಲ್ಲಿ ನಟ ಅಥವಾ ನಟಿ ಕೂತಿರುತ್ತಾರೆ. ಮೂಲೆಯಲ್ಲಿ ಪರೀಕ್ಷಕರು ಮಾತಾಡದೆ ಗುರುತು ಹಾಕುತ್ತಿರುತ್ತಾರೆ. ಒಂದೊಂದಕ್ಕೂ 8 ನಿಮಿಷ. ಕಾಯಿಲೆ ಕಂಡುಹಿಡಿದರೆ ಸಾಲದು, ಎದುರಿನವರ ಭಯ ಏನು, ಅವರಿಗೆ ಏನು ಬೇಕು ಅಂತ ಕೇಳಿ ತಿಳಿಯಬೇಕು. ಅಮೆರಿಕದಲ್ಲಿ ಇಂಥದ್ದೇ ಆದ ಸ್ಟೆಪ್ 2 ಸಿಎಸ್ ಪರೀಕ್ಷೆಯನ್ನು 2021ರಲ್ಲಿ ಕೈಬಿಟ್ಟರು. ಆಮೇಲೆ ಓದಿದವರಿಗೆ ಕಾಲೇಜಿನ ಆಚೆ ಇಂಥ ಪರೀಕ್ಷೆಯ ರೂಢಿಯೇ ಇಲ್ಲ.

ಈಗ ಆ ಹೌಸ್ ಸರ್ಜನ್ಸಿ ವಿಷಯ. ಜಿಎಂಸಿಯ ಪೂರ್ಣ ನೋಂದಣಿಗೆ 12 ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು. ಬೆಂಗಳೂರಿನಲ್ಲಿ ಎಂಬಿಬಿಎಸ್ ಮಾಡಿದ ಹುಡುಗಿಗೆ ಅದು ಇರುತ್ತದೆ. ಬಾಸ್ಟನ್ನಿನಲ್ಲಿ ಎಂಡಿ ಮಾಡಿದ ಹುಡುಗನಿಗೆ ಇರುವುದಿಲ್ಲ! ಅವನು ಮೊದಲು ತಾತ್ಕಾಲಿಕ ನೋಂದಣಿ ಮಾಡಿಸಿ ಅಲ್ಲಿನ ಫೌಂಡೇಶನ್ (ಪದವಿ ಮುಗಿದ ಕೂಡಲೇ ಮಾಡುವ ಆರಂಭದ ತರಬೇತಿ) ಮೊದಲ ವರ್ಷ ಸೇರಬೇಕು. ಆ ಸೀಟುಗಳಿಗೆ ಬ್ರಿಟನ್ನಿನ ಮಕ್ಕಳೇ ಸಾಲುಗಟ್ಟಿ ನಿಂತಿದ್ದಾರೆ.

ಸೇರಿದ ಮೇಲೆ ಓದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಫೌಂಡೇಶನ್ ಎರಡು ವರ್ಷ. ಮೆಡಿಸಿನ್ ಕಡೆ ಹೋದರೆ ಇಂಟರ್ನಲ್ ಮೆಡಿಸಿನ್ ತರಬೇತಿ ಮೂರು ವರ್ಷ. ಆಮೇಲೆ ಕಾರ್ಡಿಯಾಲಜಿಯೋ ಇನ್ನೊಂದೋ ಸ್ಪೆಷಾಲಿಟಿ, ಮತ್ತೆ ಹಲವು ವರ್ಷ. ಪ್ರತಿ ಮೆಟ್ಟಿಲಿಗೂ ಹೊಸ ಅರ್ಜಿ, ಹೊಸ ಸ್ಪರ್ಧೆ. ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ್, ಆಗುವವರಿಗೆ ಫೌಂಡೇಶನ್ ನಂತರ ಮೂರು ವರ್ಷ ಸಾಕು. 2025ರ ಜುಲೈನಲ್ಲಿ ಪ್ರಕಟವಾದ ಇಂಗ್ಲೆಂಡಿನ ಹತ್ತು ವರ್ಷದ ಆರೋಗ್ಯ ಯೋಜನೆಯಲ್ಲಿ, ತರಬೇತಿ ಸೀಟುಗಳಲ್ಲಿ ಬ್ರಿಟನ್ನಿನಲ್ಲೇ ಓದಿದವರಿಗೆ ಆದ್ಯತೆ ಎಂದು ಸರ್ಕಾರ ಹೇಳಿಬಿಟ್ಟಿದೆ. ಐದು ವರ್ಷದ ಹಿಂದೆ ಹೋದ ನಿಮ್ಮ ಪರಿಚಯದವರ ಅನುಭವವನ್ನು ಇವತ್ತಿಗೆ ಅನ್ವಯಿಸಬೇಡಿ.

ಅಲ್ಲಿ ಕೆಲಸದ ಹೊರೆ ಕಡಿಮೆಯಂತೆ, ನಿಜಾನಾ?

ಗಂಟೆ ಕಡಿಮೆ. ಬ್ರಿಟನ್ನಿನಲ್ಲಿ ಸರಾಸರಿ ವಾರಕ್ಕೆ 48 ಗಂಟೆಯ ಮಿತಿ. ಅಮೆರಿಕದಲ್ಲಿ 80, ಅದೂ ನಾಲ್ಕು ವಾರದ ಸರಾಸರಿ, ಮತ್ತು ಆ ಮಿತಿ ದೇಶಕ್ಕೆಲ್ಲ ಬಂದಿದ್ದೇ 2003ರಲ್ಲಿ. ಆದರೆ ಕಡಿಮೆ ಗಂಟೆಯ ಓದಿಗೆ ವರ್ಷಗಳು ಜಾಸ್ತಿ. ಅಮೆರಿಕದಲ್ಲಿ ಮೂವತ್ತೆರಡಕ್ಕೆ ಮುಗಿಯುವುದು ಅಲ್ಲಿ ಮೂವತ್ತಾರು ಮೂವತ್ತೇಳಕ್ಕೆ ಮುಗಿಯಬಹುದು. ಸಂಬಳವೂ ನೋಡಿ. 2025ರಲ್ಲಿ ಇಂಗ್ಲೆಂಡಿನ ಮೊದಲ ವರ್ಷದ ಡಾಕ್ಟರ ಮೂಲ ವೇತನ ವರ್ಷಕ್ಕೆ ಸುಮಾರು 38,800 ಪೌಂಡ್. ಅಲ್ಲಿನ ಡಾಕ್ಟರುಗಳು ಮತ್ತೆ ಮತ್ತೆ ಮುಷ್ಕರ ಹೂಡಿದ್ದು ಸುಮ್ನೆ ಅಲ್ಲ.

ಜರ್ಮನಿಯಲ್ಲಿ ಮ್ಯಾಚ್ ಇಲ್ವಂತೆ?

ಇಲ್ಲ. ಆಸ್ಪತ್ರೆಗೆ ನೇರವಾಗಿ ಅರ್ಜಿ ಹಾಕುವುದು, ಆ ವಿಭಾಗದ ಮುಖ್ಯಸ್ಥರು ಮಾತಾಡಿಸಿ ಕೆಲಸ ಕೊಡುವುದು. ಮೊದಲ ದಿನದಿಂದ ಸಂಬಳ. ಸ್ಪೆಷಲಿಸ್ಟ್ ಆಗಲು ಐದರಿಂದ ಆರು ವರ್ಷ.

ಕಷ್ಟ ಇರುವುದು ಭಾಷೆಯಲ್ಲಿ. ಬಿ2 ಮಟ್ಟದ (ಮಧ್ಯಮಕ್ಕಿಂತ ಮೇಲಿನ) ಜರ್ಮನ್ ಕಲಿತ ಮೇಲೆ ಡಾಕ್ಟರುಗಳಿಗೇ ಬೇರೆ ಭಾಷಾ ಪರೀಕ್ಷೆ ಇದೆ. ಒಟ್ಟು ಒಂದು ಗಂಟೆ. 20 ನಿಮಿಷ ರೋಗಿಯ ಜೊತೆ ಮಾತು, 20 ನಿಮಿಷದಲ್ಲಿ ಅದರ ವರದಿ ಬರೆಯುವುದು, 20 ನಿಮಿಷ ಹಿರಿಯ ಡಾಕ್ಟರಿಗೆ ಆ ಕೇಸ್ ಒಪ್ಪಿಸುವುದು. ರೋಗಿಯ ಎದುರು ಮನೆಮಾತಿನ ಜರ್ಮನ್, ಡಾಕ್ಟರ ಎದುರು ಲ್ಯಾಟಿನ್ ತುಂಬಿದ ಜರ್ಮನ್. ಇಪ್ಪತ್ತು ನಿಮಿಷದ ಅಂತರದಲ್ಲಿ ನಾಲಗೆ ಬದಲಾಗಬೇಕು. ಇದಾದ ಮೇಲೆ ಯುರೋಪಿನ ಆಚೆ ಓದಿದವರ ಪದವಿಯನ್ನು ಅಲ್ಲಿಯ ಪದವಿಗೆ ಹೋಲಿಸಿ ನೋಡುತ್ತಾರೆ. ಕೊರತೆ ಕಂಡರೆ ಜ್ಞಾನ ಪರೀಕ್ಷೆಯೂ ಇದೆ. ಕೊನೆಗೆ ಸಿಗುವ ಪೂರ್ಣ ಲೈಸೆನ್ಸಿನ ಹೆಸರು ಅಪ್ರೊಬಾಟ್ಸಿಯೋನ್. ಒಂದೊಂದು ರಾಜ್ಯದಲ್ಲಿ ಒಂದೊಂದು ಪದ್ಧತಿ, ಫೈಲು ತಿಂಗಳುಗಟ್ಟಲೆ ಕೂರುತ್ತದೆ. ಅಲ್ಲೇ ನೆಲೆಸುವ ಮನಸ್ಸಿದ್ದರೆ ಒಳ್ಳೆಯ ದೇಶ. ವಾಪಸ್ ಬರುವ ಲೆಕ್ಕ ಇದ್ದರೆ ಬ್ರಿಟನ್ನಿಗೆ ಹೇಳಿದ್ದೇ ಇಲ್ಲಿಗೂ.

ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸುಲಭ ಅಂತಾರಲ್ಲ?

ಸುಲಭ ಹೌದು, ಆದರೆ ಅಮೆರಿಕದಲ್ಲಿ ಸ್ವಲ್ಪ ತರಬೇತಿ ಆದವರಿಗೆ. ಕೆಲವು ದೇಶಗಳ ತರಬೇತಿಯನ್ನು ಒಪ್ಪಿಕೊಳ್ಳುವ ಆಸ್ಟ್ರೇಲಿಯಾದ ಕಾಂಪಿಟೆಂಟ್ ಅಥಾರಿಟಿ ದಾರಿಯಲ್ಲಿ ಅಮೆರಿಕವೂ ಇದೆ. ಯುಎಸ್‌ಎಂಎಲ್‌ಇ ಜೊತೆಗೆ ಕನಿಷ್ಠ ಎರಡು ವರ್ಷದ ಎಸಿಜಿಎಂಇ ರೆಸಿಡೆನ್ಸಿ ಆಗಿದ್ದರೆ ಅಲ್ಲಿನ ಪರೀಕ್ಷೆ ಬರೆಯಬೇಕಿಲ್ಲ. 12 ತಿಂಗಳು ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿ ಪೂರ್ಣ ನೋಂದಣಿ ಪಡೆಯಬಹುದು. ನ್ಯೂಜಿಲೆಂಡ್ ಕೇಳುವುದು ಅನುಭವ: ಹಿಂದಿನ 48 ತಿಂಗಳಲ್ಲಿ ಕನಿಷ್ಠ 33 ತಿಂಗಳು ತಮ್ಮದನ್ನು ಹೋಲುವ ಆರೋಗ್ಯ ವ್ಯವಸ್ಥೆಯಲ್ಲಿ ದುಡಿದಿರಬೇಕು. ಅಮೆರಿಕ ಆ ಪಟ್ಟಿಯಲ್ಲಿದೆ. ಮೂರು ವರ್ಷದ ರೆಸಿಡೆನ್ಸಿ ಮುಗಿಸಿದವರಿಗೆ ಇದು ಸರಿಯಾಗಿ ಕೂರುತ್ತದೆ, ಆಗಷ್ಟೇ ಎಂಡಿ ಮುಗಿಸಿದವರಿಗೆ ಅಲ್ಲ.

ಆಸ್ಟ್ರೇಲಿಯಾದಲ್ಲಿ ಒಂದು ಕೊಕ್ಕೆ ಇದೆ. ಹೊರಗೆ ಓದಿ ಬಂದ ಡಾಕ್ಟರುಗಳು ಅಲ್ಲಿನ ಮೆಡಿಕೇರ್ (ಸರ್ಕಾರಿ ಆರೋಗ್ಯ ವಿಮೆ) ಹಣ ಪಡೆಯಬೇಕಾದರೆ ಸಾಮಾನ್ಯವಾಗಿ 10 ವರ್ಷದವರೆಗೆ ಡಾಕ್ಟರುಗಳ ಕೊರತೆ ಇರುವ ಪ್ರದೇಶದಲ್ಲಿ ಕೆಲಸ ಮಾಡಬೇಕು. ಸಿಡ್ನಿಯ ಕಡಲ ದಂಡೆಯ ಮನೆ ಕನಸಿನಲ್ಲಿದ್ದರೆ ಇದನ್ನು ಮೊದಲೇ ಓದಿಕೊಳ್ಳಿ.

ಸಿಂಗಪುರ, ದೋಹಾದಲ್ಲಿ ಅಮೆರಿಕನ್ ಮಾನ್ಯತೆಯ ರೆಸಿಡೆನ್ಸಿಯೇ ಇದೆಯಂತೆ?

ಅಲ್ಲಿರುವುದು ಎಸಿಜಿಎಂಇ ಇಂಟರ್‌ನ್ಯಾಷನಲ್ ಮಾನ್ಯತೆ. ಸಿಂಗಪುರ 2010ರಲ್ಲಿ ಈ ಪದ್ಧತಿಗೆ ಬದಲಾಯಿತು. ದೋಹಾ, ಬೈರೂತ್‌ನಲ್ಲೂ ಇಂಥ ಪ್ರೋಗ್ರಾಂಗಳಿವೆ. ಹೆಸರು ಒಂದೇ ಥರ ಕೇಳಿಸಿದರೂ ಅಮೆರಿಕದೊಳಗಿನ ಮಾನ್ಯತೆಗೂ ಇದಕ್ಕೂ ವ್ಯತ್ಯಾಸ ಇದೆ. ಇದರ ಮೇಲಿನ ಹಂತದ ಮಾನ್ಯತೆ ಇರುವ ಪ್ರೋಗ್ರಾಂ ಮುಗಿಸಿದರೆ ಅಮೆರಿಕದ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು. ಬೋರ್ಡ್ ಸರ್ಟಿಫಿಕೇಶನ್ ಅದರ ಜೊತೆಗೆ ತಾನಾಗಿ ಬರುವುದಿಲ್ಲ.

ಬೆಂಗಳೂರಿಗೇ ಬಂದು ಪಿಜಿ ಮಾಡಿದ್ರೆ? ಅಜ್ಜಿ ಮನೆ ಇದೆ, ಒಸಿಐ ಕಾರ್ಡ್ ಇದೆ.

ಆಸೆ ಚೆನ್ನಾಗಿದೆ. ದಾರಿ ಮಾತ್ರ ಉದ್ದ. ನೀಟ್ ಪಿಜಿ ಬರೆಯಲು ಭಾರತದ ಎಂಬಿಬಿಎಸ್‌ಗೆ ಸಮನಾದ, ಮಾನ್ಯತೆ ಇರುವ ಪದವಿ, ಇಂಟರ್ನ್‌ಶಿಪ್, ನೋಂದಣಿ ಎಲ್ಲ ಬೇಕು. ಹೊರದೇಶದ ಪದವಿ ಇದ್ದರೆ ಸಾಮಾನ್ಯವಾಗಿ ಹೊರಗೆ ಓದಿದವರಿಗೆಂದೇ ಇರುವ ಎಫ್‌ಎಂಜಿಇ ಪರೀಕ್ಷೆಯೂ ಬರುತ್ತದೆ. ಒಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇರುವವರು ಮೊದಲು ಸಾಮಾನ್ಯ ಸೀಟುಗಳಿಗೂ ಅರ್ಜಿ ಹಾಕುತ್ತಿದ್ದರು. 2021ರ ಮಾರ್ಚ್ 4ರ ಕೇಂದ್ರ ಗೃಹ ಇಲಾಖೆಯ ಅಧಿಸೂಚನೆ, ಆ ದಿನದ ನಂತರ ಒಸಿಐ ಪಡೆದವರನ್ನು ಎನ್‌ಆರ್‌ಐ ಸೀಟುಗಳಿಗೆ ಸೀಮಿತ ಮಾಡಿತು. ಆ ಸೀಟುಗಳ ಫೀಸು ಕೋಟಿಯ ಲೆಕ್ಕದಲ್ಲಿ ಓಡುತ್ತದೆ.

ತಿರುಗಿಸಿ ಯೋಚನೆ ಮಾಡಿ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ಐದು ದೇಶಗಳ ಪಿಜಿ ಅರ್ಹತೆಗೆ ಭಾರತದಲ್ಲಿ ಮಾನ್ಯತೆ ಕೊಡುವ ನಿಯಮ 2008ರಿಂದ ಇದೆ. ಅಂದರೆ ಅಮೆರಿಕದಲ್ಲಿ ರೆಸಿಡೆನ್ಸಿ ಮುಗಿಸಿ ಊರಿಗೆ ಬರುವುದು, ಊರಲ್ಲಿ ಪಿಜಿ ಮಾಡಿ ಅಮೆರಿಕಕ್ಕೆ ಹೋಗುವುದಕ್ಕಿಂತ ಎಷ್ಟೋ ಸಲೀಸು.

ಕಲಿಯುವುದಕ್ಕೆ ಮಾತ್ರ ಬರಬೇಕು ಅಂದರೆ ಓದುವಾಗಲೇ ಕೆಲವು ವಾರದ ಇಲೆಕ್ಟಿವ್‌ಗೆ (ತಾವೇ ಆರಿಸಿಕೊಳ್ಳುವ ಆಸ್ಪತ್ರೆ ತರಬೇತಿ) ಬನ್ನಿ. ನಿಮ್ಹಾನ್ಸ್, ಸೇಂಟ್ ಜಾನ್ಸ್, ವೆಲ್ಲೂರಿನ ಸಿಎಂಸಿ, ಕಣ್ಣಿಗಾದರೆ ಮದುರೆಯ ಅರವಿಂದ್, ಇಂಥ ಕಡೆ ಒಂದು ತಿಂಗಳಲ್ಲಿ ಕಾಣುವಷ್ಟು ರೋಗಗಳು ಅಮೆರಿಕದಲ್ಲಿ ವರ್ಷಕ್ಕೂ ಕಾಣುವುದಿಲ್ಲ. ಬರುವ ಮುಂಚೆ ಕನ್ನಡ ಸ್ವಲ್ಪ ಗಟ್ಟಿ ಮಾಡಿಕೊಳ್ಳಿ. ನ್ಯೂಜೆರ್ಸಿಯಲ್ಲಿ ಬೆಳೆದವರಿಗೆ "ಊಟ ಆಯ್ತಾ", "ಅಜ್ಜಿ ಹೇಗಿದ್ದೀರ" ಬರುತ್ತದೆ. ಒಪಿಡಿಯಲ್ಲಿ ಎದುರು ಕೂತ ಹೆಂಗಸು "ಒಂದ್ ಸಮ ಹೊಟ್ಟೆ ತೊಳಸ್ತದೆ ಡಾಕ್ಟ್ರೇ, ಎದೆ ಹಿಡ್ಕಂಡಂಗಾಗ್ತದೆ, ರಾತ್ರಿಯೆಲ್ಲ ಒಂಥರಾ ಸಂಕಟ" ಅಂದಾಗ ಇದು ಗ್ಯಾಸಾ, ಹೃದಯವಾ, ಮನಸ್ಸಾ ಅಂತ ಬಿಡಿಸಿ ಕೇಳಲು ಬೇಕಾದ ಕನ್ನಡ ಬೇರೆಯೇ.

ಉಷ್ಣವಲಯದ ರೋಗಗಳನ್ನು ಕಲಿಯಬೇಕು, ಆದರೆ ಅಮೆರಿಕದ ಕೆಲಸ ಬಿಡಬಾರದು. ಏನು ಮಾಡಲಿ?

ಇದಕ್ಕೆ ಉತ್ತರ ಹೇಳಲು ನನಗೆ ಖುಷಿ. ರೆಸಿಡೆನ್ಸಿ ಆದ ಮೇಲೆ ಚಿಕ್ಕ ಕೋರ್ಸುಗಳಿಗೆ ಹೋಗಿ. ಲಿವರ್‌ಪೂಲ್ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್ 1898ರಿಂದ, ಲಂಡನ್ನಿನದು 1899ರಿಂದ ಇದನ್ನೇ ಕಲಿಸುತ್ತಿವೆ. ಸೊಳ್ಳೆಯಲ್ಲಿ ಮಲೇರಿಯಾ ಪತ್ತೆ ಮಾಡಿದ ರೊನಾಲ್ಡ್ ರಾಸ್ ಭಾರತದ ಕೆಲಸ ಮುಗಿಸಿ ಹೋಗಿ ಪಾಠ ಹೇಳಿದ್ದು ಲಿವರ್‌ಪೂಲಿನಲ್ಲೇ. ಎರಡೂ ಕಡೆ ಉಷ್ಣವಲಯದ ರೋಗಗಳ ಡಿಟಿಎಂ ಅಂಡ್ ಎಚ್ ಡಿಪ್ಲೊಮಾ ಸುಮಾರು ಮೂರು ತಿಂಗಳು. ಪೆರುವಿನ ಲಿಮಾದಲ್ಲಿ ಗೋರ್ಗಸ್ ಕೋರ್ಸ್ ಇದೆ, ಒಂಬತ್ತು ವಾರ, ಇಂಗ್ಲಿಷಿನಲ್ಲೇ, ಆಸ್ಪತ್ರೆಯ ಹಾಸಿಗೆಗಳ ಪಕ್ಕದಲ್ಲೇ ಪಾಠ. ಲೈಸೆನ್ಸ್, ಬೋರ್ಡ್, ಸಾಲ ಯಾವುದೂ ಅಲುಗಾಡುವುದಿಲ್ಲ.

ಇನ್ನೂ ಉದ್ದದ್ದು ಬೇಕಾದರೆ ಅಮೆರಿಕದ ವಿಶ್ವವಿದ್ಯಾಲಯಗಳ ಗ್ಲೋಬಲ್ ಹೆಲ್ತ್ ಫೆಲೋಶಿಪ್‌ಗಳಿವೆ. ಸಂಬಂಧ ಅಮೆರಿಕದ್ದು, ಕೆಲಸ ಹೊರದೇಶದ್ದು. ಸಂಶೋಧನೆಯ ಒಲವಿದ್ದರೆ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಫೋಗಾರ್ಟಿ ಕೇಂದ್ರದ ಕಾರ್ಯಕ್ರಮಗಳನ್ನು ನೋಡಿ. ಸರ್ಜನ್ನರು ಬೋರ್ಡ್ ಮುಗಿಸಿ ಒಂದು ವರ್ಷ ಟೊರಾಂಟೋ, ಮೆಲ್ಬರ್ನ್, ಲಂಡನ್ ಕಡೆ ಫೆಲೋಶಿಪ್ ಮಾಡುವುದೂ ಮಾಮೂಲಿ. ಇಂಥ ಪ್ರಯಾಣಗಳೆಲ್ಲ ರೆಸಿಡೆನ್ಸಿಯ ನಂತರ.

ಮೆಡಿಕಲ್ ಸಾಲ ಎರಡು ಲಕ್ಷ ಡಾಲರ್ ಇದೆ. ಹೊರಗೆ ಹೋದರೆ ಏನಾಗುತ್ತದೆ?

ಸಾಲ ನಿಮ್ಮ ಜೊತೆಗೇ ವಿಮಾನ ಹತ್ತುತ್ತದೆ. ಫೆಡರಲ್ ಸಾಲವಾದರೆ ಕಂತು ನಿಮ್ಮ ಆದಾಯದ ಮೇಲೆ ನಿಂತಿರುವ ಯೋಜನೆಗಳಿವೆ. ಹೊರದೇಶದಲ್ಲಿ ದುಡಿದ ಹಣಕ್ಕೆ ಅಮೆರಿಕದ ತೆರಿಗೆಯಲ್ಲಿ ರಿಯಾಯಿತಿ ಇದೆ, 2025ನೇ ಸಾಲಿಗೆ 1,30,000 ಡಾಲರ್‌ವರೆಗೆ. ಅದನ್ನು ಬಳಸಿದರೆ ಕಾಗದದ ಮೇಲೆ ಆದಾಯ ಇಳಿದು ಕಂತೂ ಇಳಿಯುತ್ತದೆ. ಹಳೆಯ ಯೋಜನೆಗಳಲ್ಲಿ ಸೊನ್ನೆಯೂ ಆಗಬಹುದಿತ್ತು. 2025ರ ಕಾನೂನು ತಂದ ಹೊಸ ಯೋಜನೆಯಲ್ಲಿ ಕನಿಷ್ಠ ತಿಂಗಳಿಗೆ 10 ಡಾಲರ್.

ಕಂತು ಇಳಿಯಿತು ಅಂತ ಖುಷಿ ಪಡುವ ಮುಂಚೆ ಪಿಎಸ್‌ಎಲ್‌ಎಫ್ ಎಂಬ ಸಾಲ ಮನ್ನಾ ಯೋಜನೆ ನೆನಪಿಡಿ. ಸರ್ಕಾರಿ ಅಥವಾ ಲಾಭಕ್ಕಲ್ಲದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾ 120 ಕಂತು ಕಟ್ಟಿದರೆ ಉಳಿದ ಸಾಲ ಮನ್ನಾ. ಅಮೆರಿಕದ ಹೆಚ್ಚಿನ ರೆಸಿಡೆನ್ಸಿ ವರ್ಷಗಳು ಈ ಲೆಕ್ಕಕ್ಕೆ ಸೇರುತ್ತವೆ. ಬ್ರಿಟನ್ನಿನ ಆರೋಗ್ಯ ಸೇವೆ ಎನ್‌ಎಚ್‌ಎಸ್ ಎಷ್ಟೇ ಸರ್ಕಾರಿಯಾದರೂ ಅಮೆರಿಕದ ಸರ್ಕಾರಿ ಅಲ್ಲ, ಅಲ್ಲಿನ ವರ್ಷಗಳು ಸೇರುವುದಿಲ್ಲ. ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ.

ತೆರಿಗೆ?

ಅಮೆರಿಕದ ಪ್ರಜೆ ಎಲ್ಲೇ ಇದ್ದರೂ ವರ್ಷ ವರ್ಷ ರಿಟರ್ನ್ಸ್ ಸಲ್ಲಿಸಬೇಕು, ಕಟ್ಟುವುದು ಸೊನ್ನೆಯಾದರೂ. ಹೊರದೇಶದ ಬ್ಯಾಂಕ್ ಖಾತೆಗಳಲ್ಲಿ ಎಲ್ಲ ಸೇರಿ ಯಾವ ದಿನವಾದರೂ 10,000 ಡಾಲರ್ ದಾಟಿದರೆ ಎಫ್‌ಬಾರ್ ಎಂಬ ಖಾತೆ ವಿವರದ ಫಾರಂ ಕೂಡ ತುಂಬಬೇಕು. ಊರಿನ ಬ್ಯಾಂಕಿನಲ್ಲಿ ತಾತ ಇಟ್ಟಿರುವ ಜಂಟಿ ಎಫ್‌ಡಿಯೂ ಲೆಕ್ಕಕ್ಕೆ ಬರುತ್ತದೆ.

ಮಗಳಿಗೆ ಗ್ರೀನ್ ಕಾರ್ಡ್ ಇದೆ, ಪೌರತ್ವ ಇನ್ನೂ ಆಗಿಲ್ಲ.

ಹಾಗಾದರೆ ಪೌರತ್ವ ಆದ ಮೇಲೆ ಹೋಗಲಿ. ಒಂದು ವರ್ಷ ಮೀರಿ ಹೊರಗಿದ್ದರೆ ಗ್ರೀನ್ ಕಾರ್ಡ್ ಕೈತಪ್ಪಬಹುದು. ಆರು ತಿಂಗಳು ದಾಟಿದರೇ ಪೌರತ್ವಕ್ಕೆ ಬೇಕಾದ ವಾಸದ ಲೆಕ್ಕಕ್ಕೆ ಪೆಟ್ಟು ಬೀಳಬಹುದು. ರೀ-ಎಂಟ್ರಿ ಪರ್ಮಿಟ್ ಪಡೆದರೆ ಎರಡು ವರ್ಷದವರೆಗೆ ಕಾರ್ಡ್ ಉಳಿಯಲು ಸಹಾಯ, ಆದರೆ ಅರ್ಜಿಯನ್ನು ಅಮೆರಿಕದೊಳಗಿದ್ದೇ ಹಾಕಬೇಕು. ಐದಾರು ವರ್ಷದ ಪಿಜಿಗೆ ಅದು ಸಾಲುವುದಿಲ್ಲ. ಇದಕ್ಕೊಬ್ಬ ಇಮಿಗ್ರೇಶನ್ ವಕೀಲರನ್ನು ಕೇಳಿ, ವಾಟ್ಸಾಪ್ ಗುಂಪನ್ನಲ್ಲ.

ಡಿಒ ಪದವಿಯವರಿಗೆ ಹೊರಗೆ ಬೆಲೆ ಇದೆಯಾ?

ಅನೇಕ ದೇಶಗಳಲ್ಲಿ ಇದೆ, ಬ್ರಿಟನ್ನಿನಲ್ಲೂ ಇದೆ. ಆದರೆ ಹೋಗುವ ದೇಶದ ಕೌನ್ಸಿಲ್‌ಗೆ ಮೊದಲೇ ಬರೆದು ಲಿಖಿತ ಉತ್ತರ ಪಡೆಯಿರಿ. ಅಮೆರಿಕದ ಆಚೆ ಆಸ್ಟಿಯೋಪತ್ ಅಂದರೆ ಡಾಕ್ಟರ್ ಅಲ್ಲದ, ಮೈ ಕೈ ನೀವಿ ಗುಣಪಡಿಸುವವರು. ಕೌಂಟರಿನಲ್ಲಿ ಕೂತ ಗುಮಾಸ್ತರಿಗೆ ಈ ವ್ಯತ್ಯಾಸ ಗೊತ್ತಿಲ್ಲದೆ ಅರ್ಜಿ ವಾಪಸ್ ಬರುವುದುಂಟು.

ಹೊರಡುವ ಮುಂಚೆ ಏನೇನು ಮುಗಿಸಿಕೊಳ್ಳಬೇಕು?

ಕಾಲೇಜಿನಿಂದ ಅಂಕಪಟ್ಟಿ, ಡೀನ್ ಪತ್ರ, ಡಿಪ್ಲೊಮಾದ ಪ್ರತಿ ತೆಗೆದಿಡಿ. ಡಿಪ್ಲೊಮಾದಲ್ಲಿರುವ ಹೆಸರೂ ಪಾಸ್‌ಪೋರ್ಟಿನ ಹೆಸರೂ ಒಂದೇ ಇದೆಯಾ ನೋಡಿ. ನಮ್ಮವರಲ್ಲಿ ಅಪ್ಪನ ಹೆಸರು, ಊರಿನ ಹೆಸರು, ಇನಿಶಿಯಲ್ ಎಲ್ಲ ಒಂದೊಂದು ಕಡೆ ಒಂದೊಂದು ಥರ ಕೂತು ತಿಂಗಳುಗಟ್ಟಲೆ ತೊಂದರೆ ಕೊಡುತ್ತವೆ. ಬ್ರಿಟನ್ನಿನ ಜಿಎಂಸಿ ಪದವಿಯ ಪರಿಶೀಲನೆಗೆ ಎಪಿಕ್ ಎಂಬ ಆನ್‌ಲೈನ್ ಸೇವೆಯನ್ನು ಬಳಸುತ್ತದೆ. ಕಾಲೇಜಿನ ರಿಜಿಸ್ಟ್ರಾರ್ ಕಚೇರಿ ಅದಕ್ಕೆ ಉತ್ತರಿಸಬೇಕು, ಬೇಸಿಗೆ ರಜೆಯಲ್ಲಿ ಅದು ನಿಧಾನ. ಕೆಲವು ದೇಶಗಳು ಅಪೋಸ್ಟಿಲ್ (ದಾಖಲೆ ಅಸಲಿ ಎನ್ನುವ ಸರ್ಕಾರಿ ಮುದ್ರೆ) ಕೇಳುತ್ತವೆ, ಅದನ್ನು ಡಿಪ್ಲೊಮಾ ಕೊಟ್ಟ ರಾಜ್ಯದಲ್ಲೇ ಮಾಡಿಸಬೇಕು. ರೆಸಿಡೆನ್ಸಿ ಒಂದು ವರ್ಷವಾದರೂ ಆಗಿದ್ದರೆ ಒಂದು ರಾಜ್ಯದ ಲೈಸೆನ್ಸ್ ಪಡೆಯಲು ಸಾಧ್ಯವಾ ನೋಡಿ, ಪಡೆದ ಮೇಲೆ ನವೀಕರಣ ತಪ್ಪಿಸಬೇಡಿ. ಸ್ಟೆಪ್ 3 ಎರಡು ದಿನದ ಪರೀಕ್ಷೆ, ಅಮೆರಿಕದಲ್ಲಿ ಮಾತ್ರ ನಡೆಯುತ್ತದೆ. ಟಿಕೆಟ್ ಮಾಡಿಸುವ ಮುಂಚೆ ಅದನ್ನು ಬರೆದು ಮುಗಿಸಿ.